ಶೇರ್‌ಪಾಯಿಂಟ್, ಟೀಮ್ಸ್, ಒನ್‌ಡ್ರೈವ್: ನೂರೈವತ್ತು ಜನರ ಆಫೀಸಿಗೆ ತರುವ ಮುಂಚೆ ಓದಿ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಆಫೀಸಿನ ಫೈಲ್‌ಗಳನ್ನು ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೇಲಿನ ಸರ್ವರ್‌ನಲ್ಲಿ, ಇಟ್ಟು ಹಂಚಿಕೊಳ್ಳುವ ಮೈಕ್ರೋಸಾಫ್ಟ್ 365ರ ಶೇರ್‌ಪಾಯಿಂಟ್ ಒಳ್ಳೆಯ ಸರಕು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆದರೆ ಲೈಸೆನ್ಸ್ ಬಂದ ದಿನವೇ ಎಲ್ಲರಿಗೂ ಆನ್ ಮಾಡಿ, ಹಳೇ ಫೈಲ್ ಎಲ್ಲಾ ಕ್ಲೌಡ್‌ಗೆ ಸುರಿದರೆ ಅದೇ ಸರಕು ಒಂದು ಸ್ಟಾರ್‌ಗೆ ಇಳಿಯುತ್ತದೆ. ಯಾವ ಫೈಲ್ ಎಲ್ಲಿರಬೇಕು, ಅದಕ್ಕೆ ಯಾರು ಜವಾಬ್ದಾರಿ, ಯಾವುದು ಹೋಗಲೇಬಾರದು ಅನ್ನೋದು ಮುಂಚೆಯೇ ತೀರ್ಮಾನವಾಗಿರಬೇಕು. ಈ ರಿವ್ಯೂನಲ್ಲಿ ಜಾಸ್ತಿ ಅದರ ಬಗ್ಗೆಯೇ ಬರೆದಿದ್ದೇನೆ.

ನಾನು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಬಳಸುವವರು ನೂರೈವತ್ತರ ಆಸುಪಾಸು. ಡಿಸೈನ್, ಕ್ವಾಲಿಟಿ, ಪರ್ಚೇಸ್, ಸ್ಟೋರ್ಸ್, ಅಕೌಂಟ್ಸ್, ಎಚ್‌ಆರ್. ಎಲ್ಲರ ಫೈಲೂ ಒಂದೇ ಸರ್ವರ್‌ನ ಝಡ್ ಡ್ರೈವ್‌ನಲ್ಲಿತ್ತು. ಒಂದೇ ರೇಟ್ ಲಿಸ್ಟ್ ನಾಲ್ಕು ಫೋಲ್ಡರ್‌ನಲ್ಲಿ, ಕೊನೆಗೆ 'ಫೈನಲ್', 'ಫೈನಲ್ ನ್ಯೂ' ಅಂತ ಬೇರೆ ಬೇರೆ ಹೆಸರು. ಗ್ರಾಹಕರ ಆಡಿಟ್ ಬಂದಾಗ ಯಾವುದು ಚಾಲ್ತಿಯಲ್ಲಿರುವ ಪ್ರತಿ ಅಂತ ತೋರಿಸೋದೇ ಕಷ್ಟ. ಹೀಗಿರುವ ಆಫೀಸು ನಮ್ಮದೊಂದೇ ಅಲ್ಲ, ಅಲ್ವಾ?

ಗೂಗಲ್ ವರ್ಕ್‌ಸ್ಪೇಸ್, ಚೆನ್ನೈ ಮೂಲದ ಜೋಹೊ ವರ್ಕ್‌ಡ್ರೈವ್, ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದಾದ ನೆಕ್ಸ್ಟ್‌ಕ್ಲೌಡ್, ಮೂರನ್ನೂ ನೋಡಿದೆವು. ಮೂರೂ ಒಳ್ಳೆಯವೇ. ನಮ್ಮಲ್ಲಿ ಕೆಲಸ ನಡೆಯೋದೆಲ್ಲಾ ಎಕ್ಸೆಲ್ ಮೇಲೆ, ಅದಕ್ಕೆ ಶೇರ್‌ಪಾಯಿಂಟ್ ಕಡೆ ಹೋದೆವು. ನಿಮ್ಮಲ್ಲಿ ಎಕ್ಸೆಲ್ ಅಷ್ಟು ಮುಖ್ಯವಲ್ಲದಿದ್ದರೆ ಉಳಿದವನ್ನೂ ತೂಗಿ ನೋಡಿ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ಗೊತ್ತಿರಬೇಕು, ಯಾಕೆಂದರೆ ಜನ ಗೊಂದಲಪಡೋದು ಇಲ್ಲೇ. ಶೇರ್‌ಪಾಯಿಂಟ್ 2001ರಿಂದ ಇದೆ, ಚಾಟ್, ಮೀಟಿಂಗ್ ಮಾಡುವ ಟೀಮ್ಸ್ ಬಂದಿದ್ದು 2017ರಲ್ಲಿ. ಟೀಮ್ಸ್‌ನಲ್ಲಿ ಒಂದು ಟೀಮ್ ಮಾಡಿದರೆ ಹಿಂದುಗಡೆ ಒಂದು ಶೇರ್‌ಪಾಯಿಂಟ್ ಸೈಟ್, ಅಂದರೆ ಆ ಗುಂಪಿನ ಫೈಲ್ ಇಡುವ ಜಾಗ, ತಾನಾಗಿಯೇ ಹುಟ್ಟುತ್ತದೆ. ಟೀಮ್‌ನೊಳಗೆ ವಿಷಯಕ್ಕೊಂದರಂತೆ ಮಾಡುವ ಒಂದೊಂದು ಚಾನೆಲ್‌ಗೂ ಆ ಸೈಟ್‌ನಲ್ಲಿ ಒಂದೊಂದು ಫೋಲ್ಡರ್. ಅಂದರೆ ಒಂದೇ ಬೀರುವಿಗೆ ಎರಡು ಬಾಗಿಲು. ಪ್ರೈವೇಟ್ ಅಥವಾ ಶೇರ್ಡ್ ಚಾನೆಲ್ ಮಾಡಿದರೆ ಮಾತ್ರ ಅದಕ್ಕೆ ಬೇರೆಯದೇ ಸೈಟ್ ಆಗುತ್ತದೆ. ಇನ್ನು ಚಾಟ್‌ನಲ್ಲಿ ಒಬ್ಬರಿಗೊಬ್ಬರು ಕಳಿಸಿದ ಫೈಲ್ ಇರುತ್ತದಲ್ಲ, ಅದು ಟೀಮ್‌ನ ಸೈಟ್‌ಗೆ ಹೋಗೋದೇ ಇಲ್ಲ. ಕಳಿಸಿದವರ ಸ್ವಂತ ಫೈಲ್ ಜಾಗವಾದ ಒನ್‌ಡ್ರೈವ್‌ನಲ್ಲಿ ಕೂತಿರುತ್ತದೆ. ಈ ಒಂದು ವಿಷಯ ತಿಳಿದರೆ ಅರ್ಧ ಪ್ಲಾನ್ ತಾನಾಗಿ ಸರಿಹೋಗುತ್ತದೆ. ಕಂಪನಿಗೆ ಸೇರಿದ ಫೈಲ್ ಚಾನೆಲ್‌ನಲ್ಲಿ ಹಾಕಬೇಕು, ಚಾಟ್‌ನಲ್ಲಿ ಲಿಂಕ್ ಮಾತ್ರ ಕೊಡಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಕೆಲಸ ಬಿಟ್ಟವರ ಅಕೌಂಟ್ ಅಳಿಸಿದ ಮೇಲೆ ಅವರ ಒನ್‌ಡ್ರೈವ್ ಉಳಿಯೋದು, ಸೆಟ್ಟಿಂಗ್ ಬದಲಿಸದಿದ್ದರೆ, 30 ದಿನ. ಸಿಸ್ಟಮ್‌ನಲ್ಲಿ ಅವರ ಮ್ಯಾನೇಜರ್ ಹೆಸರು ತುಂಬಿದ್ದರೆ ಆ ಮ್ಯಾನೇಜರ್‌ಗೆ ಒಳಗೆ ಹೋಗಿ ನೋಡುವ ಅವಕಾಶ ಸಿಗುತ್ತದೆ. ಹೆಸರು ತುಂಬಿಲ್ಲದಿದ್ದರೆ ಯಾರಿಗೂ ಗೊತ್ತಾಗದೆ ಆ ಗಡುವು ಮುಗಿದುಹೋಗಬಹುದು. ಹಾಗಾಗಿ ಎಲ್ಲರ ಮ್ಯಾನೇಜರ್ ಹೆಸರನ್ನೂ ಮೊದಲೇ ತುಂಬಿ, ಈ ಅವಧಿಯನ್ನೂ ಅಡ್ಮಿನ್ ಸೆಂಟರ್‌ನಲ್ಲಿ (ಐಟಿಯವರು ಸೆಟ್ಟಿಂಗ್ ಬದಲಿಸುವ ಪುಟ) ಉದ್ದ ಮಾಡಿಕೊಳ್ಳಿ. ಎಚ್‌ಆರ್‌ನವರು ಕೊನೆಯ ದಿನದ ಫಾರ್ಮ್‌ನಲ್ಲಿ ಲ್ಯಾಪ್‌ಟಾಪ್, ಐಡಿ ಕಾರ್ಡ್ ಜೊತೆ ಒನ್‌ಡ್ರೈವ್ ಫೈಲ್ ಅಂತಲೂ ಒಂದು ಸಾಲು ಸೇರಿಸಲಿ.

ಈಗ ಸೈಟ್ ಹೇಗೆ ಹಂಚಬೇಕು ಅನ್ನೋದು. ನಮಗೆ ಲೈಸೆನ್ಸ್ ಕೊಟ್ಟ ಪಾರ್ಟ್‌ನರ್ ಕಂಪನಿಯವರು ಇಡೀ ಝಡ್ ಡ್ರೈವನ್ನು ಒಂದೇ ಸೈಟ್‌ಗೆ ಹಾಕಿ, ಹಳೇ ಪರ್ಮಿಷನ್ ಎಲ್ಲಾ ಹಾಗೇ ತಂದುಬಿಡೋಣ ಅಂದರು. ಬೇಗ ಮುಗಿಯುತ್ತದೆ, ನಿಜ. ನಾವು ಒಪ್ಪಲಿಲ್ಲ. ಹತ್ತು ವರ್ಷದಲ್ಲಿ ಯಾರ್ಯಾರೋ ಯಾರ್ಯಾರಿಗೋ ಕೊಟ್ಟ ಪರ್ಮಿಷನ್‌ಗೆ ಈಗ ಲೆಕ್ಕವೂ ಇಲ್ಲ, ಕಾರಣವೂ ಗೊತ್ತಿಲ್ಲ. ಶೇರ್‌ಪಾಯಿಂಟ್‌ನಲ್ಲಿ ಫೋಲ್ಡರ್ ಫೋಲ್ಡರ್‌ಗೂ ಬೇರೆ ಪರ್ಮಿಷನ್ ಕೊಡಬಹುದು, ಆದರೆ ಕೊಡುತ್ತಾ ಹೋದರೆ ಆರು ತಿಂಗಳಲ್ಲಿ ಯಾರು ಏನು ನೋಡಬಹುದು ಅಂತ ಹೇಳುವವರೇ ಇರುವುದಿಲ್ಲ. ಒಂದು ನಿಯಮ ಇಟ್ಟುಕೊಳ್ಳಿ. ನೋಡುವವರ ಗುಂಪು ಬೇರೆಯಾದರೆ ಸೈಟ್ ಬೇರೆ. ಸಂಬಳದ ಫೈಲ್ ಎಚ್‌ಆರ್ ಸೈಟ್‌ನ ಒಳಗೆ ಬೀಗ ಹಾಕಿದ ಫೋಲ್ಡರ್ ಆಗಬಾರದು, ಅದಕ್ಕೇ ಒಂದು ಸೈಟ್ ಇರಲಿ. ಪ್ರತಿ ಸೈಟ್‌ಗೂ ಇಬ್ಬರು ಓನರ್. ಆ ಇಬ್ಬರೂ ಆ ವಿಭಾಗದವರೇ ಆಗಿರಬೇಕು, ಐಟಿಯವರಲ್ಲ. ಕ್ವಾಲಿಟಿ ವಿಭಾಗದ ಯಾವ ಪ್ರತಿ ಚಾಲ್ತಿಯಲ್ಲಿದೆ ಅನ್ನೋದು ಐಟಿಯವರಿಗೆ ಹೇಗೆ ಗೊತ್ತಾಗಬೇಕು ಹೇಳಿ.

ಇನ್ನೊಂದು ಮುಖ್ಯ ವಿಷಯ. ಸೈಟ್‌ನಲ್ಲಿ ಮೆಂಬರ್ ಅಂತ ಸೇರಿಸಿದವರು ಫೈಲ್ ತಿದ್ದಬಹುದು, ಅಳಿಸಲೂಬಹುದು. ಓದಲು ಮಾತ್ರ ಬೇಕಾದವರನ್ನು ವಿಸಿಟರ್ ಮಾಡಿ. ಕ್ವಾಲಿಟಿ ಮ್ಯಾನ್ಯುಯಲ್, ಸುರಕ್ಷತೆಯ ಸೂಚನೆಗಳು, ರಜೆ ಪಟ್ಟಿ ಇವಕ್ಕೆಲ್ಲಾ ಇಡೀ ಫ್ಯಾಕ್ಟರಿ ವಿಸಿಟರ್, ತಿದ್ದುವವರು ಇಬ್ಬರು ಮೂವರು. ಆಡಿಟ್‌ನವರಿಗೆ ಬೇಕಾದ ಶಿಸ್ತು ಇಷ್ಟರಲ್ಲೇ ಮುಕ್ಕಾಲು ಪಾಲು ಬಂದುಬಿಡುತ್ತದೆ.

ಎಲ್ಲವನ್ನೂ ಮೇಲಕ್ಕೆ ಸಾಗಿಸಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಫೈಲನ್ನು ಹಲವರು ಒಟ್ಟಿಗೆ ತೆರೆದು ತಿದ್ದಬಹುದು, ಅದು ಇದರ ದೊಡ್ಡ ಬಲ. ಆದರೆ ಕಂಪ್ಯೂಟರ್‌ನಲ್ಲಿ ಬಿಡಿಸುವ ಕ್ಯಾಡ್ ಡ್ರಾಯಿಂಗ್‌ಗೆ ಆ ಅನುಕೂಲ ಇಲ್ಲ. ಸಿಂಕ್ ಮಾಡಿಕೊಂಡ, ಅಂದರೆ ಕ್ಲೌಡ್‌ಗೂ ಕಂಪ್ಯೂಟರ್‌ಗೂ ತಾನಾಗಿ ಹೊಂದಿಕೊಳ್ಳುವ, ಫೋಲ್ಡರ್‌ನಲ್ಲಿ ಇಬ್ಬರು ಒಂದೇ ಡ್ರಾಯಿಂಗ್ ತೆರೆದರೆ ಫೈಲ್ ಸರ್ವರ್‌ನಲ್ಲಿ ಬರುತ್ತಿದ್ದ 'ಇನ್ನೊಬ್ಬರು ಬಳಸುತ್ತಿದ್ದಾರೆ' ಅನ್ನುವ ತಡೆ ಬರುವುದಿಲ್ಲ, ಇಬ್ಬರೂ ಸೇವ್ ಮಾಡಿದ ಮೇಲೆ ಎರಡು ಪ್ರತಿ ಉಳಿಯುತ್ತದೆ. ಜೊತೆಗೆ ಒಂದು ಅಸೆಂಬ್ಲಿ ಡ್ರಾಯಿಂಗ್ ಹತ್ತಾರು ಬಿಡಿ ಫೈಲ್‌ಗಳನ್ನು ಅವುಗಳ ಜಾಗದ ಹೆಸರಿನಿಂದ ಹುಡುಕುತ್ತಿರುತ್ತದೆ. ಜಾಗ ಬದಲಾದರೆ ಕೊಂಡಿ ತಪ್ಪುತ್ತದೆ. ಹಾಗಾಗಿ ಡಿಸೈನ್ ವಿಭಾಗದ ಮೂಲ ಡ್ರಾಯಿಂಗ್ ನಮ್ಮಲ್ಲಿ ಈಗಲೂ ಒಳಗಿನ ಸರ್ವರ್‌ನಲ್ಲೇ ಇದೆ. ಬಿಡುಗಡೆಯಾದ ಪಿಡಿಎಫ್ ಮಾತ್ರ ಶೇರ್‌ಪಾಯಿಂಟ್‌ಗೆ ಬರುತ್ತದೆ. ಟ್ಯಾಲಿಯ ಡೇಟಾ ಫೋಲ್ಡರನ್ನೂ ಆಕ್ಸೆಸ್ ಡೇಟಾಬೇಸನ್ನೂ ಒನ್‌ಡ್ರೈವ್ ಸಿಂಕ್ ಒಳಗೆ ಇಡಲೇಬೇಡಿ. ಕ್ಷಣಕ್ಷಣಕ್ಕೂ ಬದಲಾಗುವ, ಹಲವರು ಒಟ್ಟಿಗೆ ಬರೆಯುವ ಡೇಟಾ ಫೈಲ್‌ಗೆ ಅದು ಜಾಗವಲ್ಲ.

ಎಕ್ಸೆಲ್‌ನಲ್ಲೂ ಎರಡು ಕಡೆ ಹುಷಾರು. ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂ) ಇರುವ ಫೈಲ್ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ, ಮ್ಯಾಕ್ರೋ ಓಡುವುದಿಲ್ಲ. ಒಂದು ಶೀಟ್ ಇನ್ನೊಂದು ಫೈಲ್‌ನಿಂದ ಅಂಕಿ ತರುತ್ತಿದ್ದರೆ, ಅದರೊಳಗೆ ಝಡ್ ಡ್ರೈವ್‌ನ ವಿಳಾಸ ಬರೆದುಕೊಂಡಿರುತ್ತದೆ. ಫೈಲ್ ಸಾಗಿಸಿದ ಮೇಲೆ ಆ ವಿಳಾಸ ತಾನಾಗಿ ಬದಲಾಗುವುದಿಲ್ಲ. ತಿಂಗಳ ಕೊನೆಯಲ್ಲಿ ಇಂಥ ಫೈಲ್ ಬಳಸುವವರು ಅಕೌಂಟ್ಸ್‌ನವರು, ಅದಕ್ಕೇ ಅವರನ್ನು ತಿಂಗಳ ಮೊದಲ ವಾರ ಮುಗಿದ ಮೇಲೆ ಸಾಗಿಸಿ. ಮಾರ್ಚ್, ಏಪ್ರಿಲ್‌ನಲ್ಲಂತೂ ಅವರ ತಂಟೆಗೇ ಹೋಗಬೇಡಿ.

ಇನ್ನು ನಮ್ಮ ಕನ್ನಡ ಆಫೀಸುಗಳಿಗೇ ಇರುವ ಒಂದು ದೊಡ್ಡ ಕೆಲಸ. ಬೇರೆ ಭಾಷೆಯ ರಿವ್ಯೂಗಳಲ್ಲಿ ಇದು ಸಿಗುವುದಿಲ್ಲ. ಹಳೇ ನೋಟಿಸು, ಸುತ್ತೋಲೆ, ಕಾರ್ಮಿಕ ಇಲಾಖೆಗೆ ಬರೆದ ಪತ್ರ ಎಲ್ಲಾ ಕನ್ನಡ ಟೈಪ್ ಮಾಡುವ ನುಡಿ ಅಥವಾ ಬರಹ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಇರುತ್ತದೆ. ನೋಡಲು ಕನ್ನಡ. ಆದರೆ ಫೈಲ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಶೇರ್‌ಪಾಯಿಂಟ್‌ಗೆ ಹಾಕಿ ಮೊಬೈಲ್‌ನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣಿಸುತ್ತದೆ. ಹುಡುಕಿದರೂ ಸಿಗುವುದಿಲ್ಲ. ಎಲ್ಲ ಕಂಪ್ಯೂಟರ್, ಮೊಬೈಲ್‌ಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ 'ಬೋನಸ್' ಅಂತ ಟೈಪ್ ಮಾಡಿದರೆ, ಹಳೇ ಫಾಂಟ್‌ನಲ್ಲಿ ಬರೆದ ಬೋನಸ್ ಅದಕ್ಕೆ ಗೊತ್ತೇ ಇಲ್ಲ. ಹುಡುಕಾಟ ಇದರ ಅತಿ ಒಳ್ಳೆಯ ಗುಣ, ಅದೇ ಕನ್ನಡ ಫೈಲ್‌ಗೆ ಸಿಗದಿದ್ದರೆ ಏನು ಬಂತು?

ಹಾಗಾಗಿ ಸಾಗಿಸುವ ಮುಂಚೆಯೇ ಯೂನಿಕೋಡ್‌ಗೆ ಬದಲಿಸಿ. ನುಡಿ, ಬರಹ ಎರಡರಲ್ಲೂ ಅದಕ್ಕೆ ಪರಿವರ್ತಕ ಇದೆ, ಉಚಿತವಾಗಿ ಸಿಗುವ ಬೇರೆ ಪರಿವರ್ತಕಗಳೂ ಇವೆ. ಒಂದು ಎಚ್ಚರಿಕೆ. ಪತ್ರದ ನಡುವೆ ಇಂಗ್ಲಿಷ್ ಪದ ಇದ್ದು, ನೀವು ಇಡೀ ಪಠ್ಯವನ್ನು ಕಾಪಿ ಮಾಡಿ ಪರಿವರ್ತಕಕ್ಕೆ ಹಾಕಿದರೆ, ಆ ಇಂಗ್ಲಿಷ್ ಪದವೂ ಏನೇನೋ ಕನ್ನಡ ಅಕ್ಷರವಾಗಿಬಿಡುತ್ತದೆ. ಗ್ರಾಹಕರ ಹೆಸರು, ಪಾರ್ಟ್ ನಂಬರ್ ಇರುವ ಪತ್ರಗಳಲ್ಲಿ ಇದು ದೊಡ್ಡ ತೊಂದರೆ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆಯೂ ಕಣ್ಣಾಡಿಸಿ. ಬದಲಿಸಿದ ಪ್ರತಿಯನ್ನು ಕನ್ನಡ ಚೆನ್ನಾಗಿ ಓದುವ ಒಬ್ಬರು ಒಮ್ಮೆ ನೋಡಲೇಬೇಕು, ಮೂಲ ಫೈಲ್‌ನ ಒಂದು ಪಿಡಿಎಫ್ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಹಳೇ ಫೈಲ್ ಎಲ್ಲಾ ಬದಲಿಸುವ ಅಗತ್ಯವಿಲ್ಲ. ಈಗಲೂ ಬಳಕೆಯಲ್ಲಿರುವುದು, ಕಾನೂನಿಗೆ ಬೇಕಾದದ್ದು, ಮಾದರಿ ಪತ್ರಗಳು, ಇಷ್ಟು ಸಾಕು.

ಯೂನಿಕೋಡ್ ಆದ ಮೇಲೆ ಒಂದು ಸಣ್ಣ ಉಪಾಯ. ಕನ್ನಡದಲ್ಲಿ ಪದಕ್ಕೆ ವಿಭಕ್ತಿ ಅಂಟಿಕೊಳ್ಳುತ್ತದೆ, ರಜೆ, ರಜೆಗೆ, ರಜೆಯ ಅಂತ. ಹುಡುಕುವಾಗ 'ರಜೆ' ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕಿ, ರಜೆ* ಅಂತ. ಹಾಗೆ ಶುರುವಾಗುವ ಪದಗಳೆಲ್ಲಾ ಬರುತ್ತವೆ. ಫೈಲ್ ಹೆಸರೂ ಕನ್ನಡದಲ್ಲಿ ಇಡಬಹುದು, ಏನೂ ತೊಂದರೆಯಿಲ್ಲ. ಲಿಂಕ್ ಮಾತ್ರ ಉದ್ದ ಕಾಣಬಹುದು, ಯಾಕೆಂದರೆ ವೆಬ್ ವಿಳಾಸದಲ್ಲಿ ಕನ್ನಡದ ಒಂದು ಅಕ್ಷರವನ್ನು ಸಂಕೇತವಾಗಿ ಬರೆದರೆ 9 ಚಿಹ್ನೆ ಬೇಕಾಗುತ್ತದೆ, ಒತ್ತು ಕೊಂಬಿಗೆ ಮತ್ತೆ ಬೇರೆ.

ಉದ್ದದ ಮಾತು ಬಂತಲ್ಲ. ಫೋಲ್ಡರ್ ಒಳಗೆ ಫೋಲ್ಡರ್, ಅದರೊಳಗೆ ಇನ್ನೊಂದು ಇಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಶೇರ್‌ಪಾಯಿಂಟ್‌ನಲ್ಲಿ ಫೈಲ್ ಹೆಸರು ಸೇರಿ ಇಡೀ ಹಾದಿ 400 ಅಕ್ಷರ ಮೀರಬಾರದು. ಅದನ್ನೇ ಕಂಪ್ಯೂಟರ್‌ಗೆ ಸಿಂಕ್ ಮಾಡಿಕೊಂಡು ಎಕ್ಸೆಲ್‌ನಲ್ಲಿ ತೆರೆಯಬೇಕಾದರೆ ಮಿತಿ ಇನ್ನೂ ಕಡಿಮೆ, 218. ಸಿಂಕ್ ಆದಾಗ ಕಂಪನಿಯ ಹೆಸರು, ಸೈಟ್‌ನ ಹೆಸರು ಎರಡೂ ಹಾದಿಗೆ ಸೇರಿಕೊಳ್ಳುತ್ತವೆ ಅನ್ನೋದು ನೆನಪಿರಲಿ. ಸೈಟ್‌ಗೆ ಚಿಕ್ಕ ಹೆಸರಿಡಿ. 'ಕ್ವಾಲಿಟಿ' ಸಾಕು, 'ಗುಣಮಟ್ಟ ಖಾತ್ರಿ ಮತ್ತು ನಿಯಂತ್ರಣ ವಿಭಾಗ' ಬೇಡ.

ಸಾಗಿಸಲು ಮೈಕ್ರೋಸಾಫ್ಟ್‌ನದೇ ಶೇರ್‌ಪಾಯಿಂಟ್ ಮೈಗ್ರೇಷನ್ ಟೂಲ್ ಇದೆ, ದುಡ್ಡಿಲ್ಲ. ಮೊದಲು ಸ್ಕ್ಯಾನ್ ಮಾಡಿ ಯಾವ ಫೈಲ್ ಹೋಗಲ್ಲ, ಯಾವ ಹೆಸರಿನಲ್ಲಿ ತಪ್ಪಿದೆ ಅಂತ ವರದಿ ಕೊಡುತ್ತದೆ. ಒಮ್ಮೆ ಸಾಗಿಸಿದ ಮೇಲೆ ಮತ್ತೆ ಓಡಿಸಿದರೆ ಹೊಸದಾಗಿ ಬದಲಾದದ್ದನ್ನು ಮಾತ್ರ ತರುತ್ತದೆ. ಬಹಳ ಉಪಯೋಗದ ಟೂಲ್, ಇದಕ್ಕೆ ಪೂರ್ತಿ ಅಂಕ. ಆದರೆ ಇಂಟರ್ನೆಟ್ ಲೆಕ್ಕ ನೀವೇ ಹಾಕಬೇಕು. 100 ಎಂಬಿಪಿಎಸ್ ಅಪ್‌ಲೋಡ್ ಇದ್ದರೂ 1 ಟಿಬಿ ಹೋಗಲು ಕಾಗದದ ಮೇಲೇ 22 ಗಂಟೆ. ನಿಜದಲ್ಲಿ ಇನ್ನೂ ಜಾಸ್ತಿ. ಶನಿವಾರ ರಾತ್ರಿ ಶುರುಮಾಡಿ, ಒಂದೊಂದು ವಿಭಾಗವನ್ನೇ ಸಾಗಿಸಿ. ಒಂದು ವಿಭಾಗ ಮುಗಿದ ಕೂಡಲೇ ಝಡ್ ಡ್ರೈವ್‌ನಲ್ಲಿ ಅವರ ಫೋಲ್ಡರನ್ನು ಓದಲು ಮಾತ್ರ ಅಂತ ಮಾಡಿಬಿಡಿ. ಇದನ್ನು ಮಾಡದಿದ್ದರೆ ಅರ್ಧ ಜನ ಹಳೇ ಕಡೆಯೇ ಬರೆಯುತ್ತಾರೆ, ಯಾವುದು ಹೊಸದು ಅನ್ನುವ ಹಳೇ ರೋಗ ಮತ್ತೆ ಬರುತ್ತದೆ. ಮತ್ತೆ ಇಂಟರ್ನೆಟ್ ಲೈನ್ ಎರಡು ಇರಲಿ, ಎರಡೂ ಬೇರೆ ಬೇರೆ ಕಂಪನಿಯದು. ಮುಂಚೆ ಲೈನ್ ಹೋದರೂ ಫೈಲ್ ಸಿಗುತ್ತಿತ್ತು, ಇನ್ನು ಮುಂದೆ ಸಿಂಕ್ ಆಗಿರುವುದು ಮಾತ್ರ ಸಿಗುತ್ತದೆ.

ಸಿಂಕ್ ಬಗ್ಗೆ ಎಲ್ಲರಿಗೂ ಕೂರಿಸಿ ಹೇಳಬೇಕಾದ ಮಾತು ಒಂದಿದೆ. ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದು ಅಂತ ಸಿಂಕ್ ಆದ ಫೋಲ್ಡರ್ ಅಳಿಸಿದರೆ ಅದು ಎಲ್ಲರಿಗೂ ಅಳಿಸಿಹೋಗುತ್ತದೆ. ಜಾಗ ಬೇಕಾದರೆ ರೈಟ್ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಒತ್ತಬೇಕು, ಆಗ ಫೈಲ್ ಕ್ಲೌಡ್‌ನಲ್ಲಿ ಉಳಿಯುತ್ತದೆ, ಕಂಪ್ಯೂಟರ್‌ನಲ್ಲಿ ಮಾತ್ರ ಖಾಲಿಯಾಗುತ್ತದೆ. ಅಳಿಸಿದ್ದು ರೀಸೈಕಲ್ ಬಿನ್‌ನಲ್ಲಿ 93 ದಿನ ಇರುತ್ತದೆ. ಇಡೀ ಲೈಬ್ರರಿಯನ್ನು (ಸೈಟ್‌ನ ಫೈಲ್ ಸಂಗ್ರಹ) ಕಳೆದ 30 ದಿನದೊಳಗಿನ ಒಂದು ಹೊತ್ತಿಗೆ ಹಿಂದಕ್ಕೆ ತಿರುಗಿಸಲೂಬಹುದು. ಧೈರ್ಯ ಕೊಡುವ ಸೌಲಭ್ಯಗಳು ಇವು. ಆದರೆ ಇವನ್ನೇ ಬ್ಯಾಕಪ್ ಅಂದುಕೊಂಡು ಸುಮ್ನೆ ಇರಬೇಡಿ. ನಾಲ್ಕು ತಿಂಗಳ ಹಿಂದೆ ಅಳಿದ ಫೈಲ್ ಬೇಕು ಅಂತ ಇವತ್ತು ಗೊತ್ತಾದರೆ ಅದು ಅಲ್ಲಿ ಇರುವುದಿಲ್ಲ. ಬೇರೆ ಬ್ಯಾಕಪ್‌ಗೆ ಬಜೆಟ್‌ನಲ್ಲೇ ದುಡ್ಡು ಎತ್ತಿಡಿ.

ಜಾಗದ ಲೆಕ್ಕ ಹೀಗಿದೆ. ಶೇರ್‌ಪಾಯಿಂಟ್‌ಗೆ ಇಡೀ ಕಂಪನಿಗೆ 1 ಟಿಬಿ, ಜೊತೆಗೆ ಪ್ರತಿ ಲೈಸೆನ್ಸ್‌ಗೆ 10 ಜಿಬಿ. ನೂರೈವತ್ತು ಜನಕ್ಕೆ ಸುಮಾರು 2.5 ಟಿಬಿ. ಒಬ್ಬೊಬ್ಬರ ಒನ್‌ಡ್ರೈವ್ ಇದರಿಂದ ಬೇರೆ. ಸಾಕಾಗುತ್ತದೆ ಅನಿಸುತ್ತದೆ, ಆದರೆ ಫೈಲ್‌ನ ಹಳೇ ಪ್ರತಿಗಳೂ ಇದರಲ್ಲೇ ಎಣಿಕೆಯಾಗುತ್ತವೆ. ಪ್ರತಿ ಫೈಲ್‌ಗೆ 500 ಪ್ರತಿವರೆಗೂ ಇಟ್ಟುಕೊಳ್ಳುವುದು ಬಹುಕಾಲದಿಂದ ಇರುವ ರೂಢಿ. ಫೋಟೋ ತುಂಬಿದ ಒಂದು ಪವರ್‌ಪಾಯಿಂಟನ್ನು ಆಟೋಸೇವ್‌ನಲ್ಲಿ ದಿನವೂ ತಿದ್ದುತ್ತಿದ್ದರೆ ಎಷ್ಟು ತಿನ್ನುತ್ತದೆ ಲೆಕ್ಕ ಹಾಕಿ. ಮೊದಲ ದಿನವೇ 100ಕ್ಕೆ ಇಳಿಸಿ.

ಹೊರಗಿನವರಿಗೆ ಲಿಂಕ್ ಕೊಡುವ ವಿಷಯ ಚಿಕ್ಕದು, ಆದರೆ ಆನ್ ಮಾಡುವ ಮುಂಚೆಯೇ ಆಗಬೇಕು. ಲಿಂಕ್ ಸಿಕ್ಕ ಯಾರು ಬೇಕಾದರೂ ಲಾಗಿನ್ ಇಲ್ಲದೆ ತೆರೆಯಬಹುದಾದ ಬಗೆ ಒಂದಿದೆ. ಗ್ರಾಹಕರ ಡ್ರಾಯಿಂಗ್ ಇಟ್ಟುಕೊಂಡಿರುವ ಕಂಪನಿ ಅದನ್ನು ಮುಚ್ಚಿಬಿಡಬೇಕು. ಹೆಸರಿಸಿದ ವ್ಯಕ್ತಿಗಳಿಗೆ ಮಾತ್ರ ಅನ್ನುವುದೇ ಮೊದಲ ಆಯ್ಕೆಯಾಗಿ ಬರುವಂತೆ ಅಡ್ಮಿನ್ ಸೆಂಟರ್‌ನಲ್ಲಿ ಇಡಿ.

ಲೈಸೆನ್ಸ್ ಬಗ್ಗೆ. ಬಿಸಿನೆಸ್ ಬೇಸಿಕ್‌ನಲ್ಲಿ ವೆಬ್ ಮತ್ತು ಮೊಬೈಲ್ ಆಪ್ ಮಾತ್ರ, ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಮಾಡುವ ಎಕ್ಸೆಲ್ ಇಲ್ಲ. ಸ್ಟೋರ್ಸ್, ಗೇಟ್, ಶಾಪ್ ಫ್ಲೋರ್ ಸೂಪರ್‌ವೈಸರ್‌ಗಳಿಗೆ ಅದು ಸಾಕು. ಮ್ಯಾಕ್ರೋ ಬಳಸುವವರಿಗೆ ಬಿಸಿನೆಸ್ ಸ್ಟ್ಯಾಂಡರ್ಡ್ ಬೇಕೇ ಬೇಕು. ಬಿಸಿನೆಸ್ ಪ್ಲಾನ್‌ಗಳಿಗೆ 300 ಜನರ ಮಿತಿ ಇದೆ. ಇನ್ನೊಂದು, ನಮ್ಮಲ್ಲಿ ಶಾಪ್ ಫ್ಲೋರ್ ಒಳಗೆ ಮೊಬೈಲ್ ತರುವಂತಿಲ್ಲ, ಆದರೆ ಲಾಗಿನ್‌ಗೆ ಮೊಬೈಲ್‌ನಲ್ಲಿ ಒಪ್ಪಿಗೆ ಕೊಡಬೇಕು. ಆಫೀಸ್ ನೆಟ್‌ವರ್ಕ್‌ನಿಂದ ಬಂದವರಿಗೆ ಬೇರೆ ನಿಯಮ ಇಡುವ ಸೌಲಭ್ಯ ಬಿಸಿನೆಸ್ ಪ್ರೀಮಿಯಂನಲ್ಲಿ ಬರುತ್ತದೆ, ಇಲ್ಲವೇ ಮೊಬೈಲ್ ಬದಲು ಲಾಗಿನ್‌ಗೆ ಬಳಸುವ ಸೆಕ್ಯುರಿಟಿ ಕೀ ಅನ್ನುವ ಪುಟ್ಟ ಸಾಧನ ಕೊಡಿಸಬೇಕು. ಬೆಲೆ ಕೇಳುವಾಗ ಇದನ್ನೂ ಸೇರಿಸಿ ಕೇಳಿ.

ಟ್ರೇನಿಂಗ್ ವಿಷಯದಲ್ಲಿ ನನಗೆ ನಿಜವಾಗಿ ಖುಷಿ ಕೊಟ್ಟದ್ದು ಕನ್ನಡದಲ್ಲಿ ಮಾಡಿದ ತರಗತಿಗಳು. ಪಾರ್ಟ್‌ನರ್ ಕಂಪನಿಯ ಇಂಗ್ಲಿಷ್ ಸ್ಲೈಡ್‌ಗಳನ್ನು ಪಕ್ಕಕ್ಕಿಟ್ಟು, ಪ್ರತಿ ವಿಭಾಗಕ್ಕೂ ಅವರದೇ ಫೈಲ್ ಇಟ್ಟುಕೊಂಡು ಹೇಳಿಕೊಟ್ಟೆವು. ಸ್ಟೋರ್ಸ್‌ನ ಹಿರಿಯರೊಬ್ಬರು, 'ಮೇಡಂ, ನಾನು ಇಲ್ಲಿ ಬರೆದದ್ದು ಪರ್ಚೇಸ್‌ನವರಿಗೆ ಈಗಲೇ ಕಾಣ್ತದಾ?' ಅಂತ ಕೇಳಿದರು. 'ಕಾಣುತ್ತೆ ಸಾರ್, ನೀವೇ ಫೋನ್ ಮಾಡಿ ಕೇಳಿ' ಅಂದೆ. ಮಾಡಿದರು. ದಿನವೂ ಸಂಜೆ ಸ್ಟಾಕ್ ಶೀಟನ್ನು ಮೇಲ್ ಮಾಡುವ ಕೆಲಸ ಆವತ್ತಿಗೇ ನಿಂತಿತು. ಮೊದಲು ಸ್ಟೋರ್ಸ್ ಮತ್ತು ಪರ್ಚೇಸ್‌ನಿಂದ ಶುರು ಮಾಡಿದ್ದು ಇದಕ್ಕೇ, ಇಬ್ಬರಿಗೂ ಒಂದೇ ಶೀಟ್ ಬೇಕು, ಲಾಭ ತಕ್ಷಣ ಕಾಣುತ್ತದೆ. ಆಮೇಲೆ ಕ್ವಾಲಿಟಿ, ಎಚ್‌ಆರ್, ಕೊನೆಗೆ ಅಕೌಂಟ್ಸ್.

ಒಂದು ಸ್ಟಾರ್ ಯಾಕೆ ಕಡಿತ? ಫೈಲ್ ಚಾಟ್‌ನಲ್ಲಿದೆಯಾ, ಚಾನೆಲ್‌ನಲ್ಲಿದೆಯಾ, ಒನ್‌ಡ್ರೈವ್‌ನಲ್ಲಿದೆಯಾ ಅನ್ನೋದು ಸಾಮಾನ್ಯ ಬಳಕೆದಾರರಿಗೆ ಕಣ್ಣಿಗೆ ಕಾಣುವಂತೆ ಇದು ತೋರಿಸುವುದಿಲ್ಲ. ಸೆಟ್ಟಿಂಗ್‌ಗಳು ಮೂರು ನಾಲ್ಕು ಅಡ್ಮಿನ್ ಸೆಂಟರ್‌ಗಳಲ್ಲಿ ಚದುರಿವೆ. ಒಂದೇ ಆಫೀಸಿನ ಕಂಪ್ಯೂಟರ್‌ಗಳು ಒಂದರಿಂದ ಒಂದು ಫೈಲ್ ಪಡೆಯುವ ಸಿಂಕ್ ಒನ್‌ಡ್ರೈವ್‌ನಲ್ಲಿಲ್ಲ, ಪಕ್ಕದ ಟೇಬಲ್‌ನಲ್ಲಿ ಬದಲಾದ ಫೈಲೂ ಇಂಟರ್ನೆಟ್ ಸುತ್ತಿಕೊಂಡೇ ಬರಬೇಕು.

ಹತ್ತು ಹದಿನೈದು ಜನರ ಆಫೀಸಾದರೆ ಇಷ್ಟೆಲ್ಲಾ ಬೇಕಿಲ್ಲ, ಎರಡು ಸೈಟ್ ಮಾಡಿಕೊಂಡು ಶುರುಮಾಡಿ. ಐವತ್ತು ಜನ ದಾಟಿದ್ದರೆ ತಯಾರಿಗೆ ಕಡಿಮೆ ಅಂದರೂ ಎರಡು ಮೂರು ತಿಂಗಳು ಇಟ್ಟುಕೊಳ್ಳಿ. ಆ ತಯಾರಿ ಮುಗಿಯುವವರೆಗೆ ಎಲ್ಲರಿಗೂ ಒಟ್ಟಿಗೆ ವರ್ಷದ ಲೈಸೆನ್ಸ್ ಕೊಳ್ಳಬೇಡಿ, ಯಾಕೆಂದರೆ ವರ್ಷದ ಒಪ್ಪಂದದಲ್ಲಿ ಮೊದಲ ಕೆಲವು ದಿನ ಕಳೆದ ಮೇಲೆ ಸಂಖ್ಯೆ ಇಳಿಸಲು ನವೀಕರಣದ ತನಕ ಕಾಯಬೇಕು. ಮೊದಲ ವಿಭಾಗಕ್ಕೆ ಸ್ವಲ್ಪ ದುಬಾರಿಯಾದರೂ ತಿಂಗಳ ಲೆಕ್ಕದಲ್ಲಿ ತಗೊಳ್ಳಿ, ಉಳಿದವರನ್ನು ಅವರವರ ಸರದಿ ಬಂದ ಹಾಗೆ ಸೇರಿಸಿ.